ಆ ಕಡಿ ಚೂರು ನಿಂತವರು

ಕ್ಯಾಪ್ಟನ್ ಸಾಹೇಬರು ತೀರಿಕೊಂಡ ದಿನ ಅವರ ಯುದ್ಧದ ಫೋಟೊಗಳು ಹನ್ನೊಂದು ಇದ್ದವು. ಹಾರ ಹಾಕಲು ಒಂದೂ ಇರಲಿಲ್ಲ.

ಆಧಾರ್ ಕಾರ್ಡಿನಲ್ಲೊಂದು ಮುಖವಿತ್ತು. ಅದರಲ್ಲಿ ಅವರು ಕುರಿ ಕದ್ದು ಈಗಷ್ಟೇ ಸಿಕ್ಕಿಬಿದ್ದವರ ಹಾಗೆ ಕಾಣುತ್ತಾರೆ. "ಇದನ್ನ ದೊಡ್ಡದ ಮಾಡಿಸಿ ಇಟ್ರ ಬಂದವರು ಕೈ ಮುಗಿಯಂಗಿಲ್ಲ, ತಮ್ಮ ಕಿಸೆ ಮುಟ್ಟಿ ನೋಡ್ಕೋತಾರ" ಎಂದು ಅವರ ಹೆಂಡತಿ ಅಳುತ್ತಲೇ ಹೇಳಿದರು. ಇವರನ್ನು ಓಣಿಯೆಲ್ಲ ಅಮ್ಮಾರು ಎನ್ನುತ್ತದೆ. ಮದುವೆಯ ಫೋಟೊ ಒಂದಿತ್ತು. ಅದರಲ್ಲಿ ಬಾಸಿಂಗದ ಜಾಲರಿ ಗದ್ದದ ತನಕ ಇಳಿದಿತ್ತು. ಒಳಗೆ ಯಾರಿದ್ದರೋ ದೇವರೇ ಬಲ್ಲ. ಕಡೆಗೆ ಅಮ್ಮಾರು ಗೋಡೆಯಾಚೆಯಿಂದ ನನ್ನನ್ನು ಕೂಗಿದರು: "ವಕೀಲವ್ವಾ, ನಿನ್ನ ಫೋನಿನ್ಯಾಗ ಅದಾರಲ್ಲ, ತಗೊಂಡ ಬಾ."

ನನ್ನ ಫೋನಿನಲ್ಲಿ ಅವರು ಹೇಗೆ ಬಂದರು ಎಂದು ಹೇಳಬೇಕಾದರೆ, ನಾನು ಅವರನ್ನು ಸುಳ್ಳುಗಾರ ಎಂದು ಸಾಧಿಸಲು ಹೊರಟಿದ್ದರಿಂದ ಶುರು ಮಾಡಬೇಕು.

ಗಜೇಂದ್ರಗಡದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಧಾರವಾಡದಲ್ಲಿ ಕಾನೂನು ಓದುವಾಗ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ, ಬಹುಮಾನದ ಕಪ್ಪು ತರದೆ ಮನೆಗೆ ಬರುತ್ತಿರಲಿಲ್ಲ. ಆ ಕಪ್ಪುಗಳಲ್ಲಿ ಈಗ ನಮ್ಮವ್ವ ಸಾಸಿವೆ, ಜೀರಿಗೆ, ಒಣಮೆಣಸಿನಕಾಯಿ ಹಾಕಿಟ್ಟಿದ್ದಾಳೆ. ಊರಿಗೆ ಬಂದು ವಕೀಲಿಕೆ ಶುರು ಮಾಡಿದ ಮೇಲೂ ಶನಿವಾರ ಹೈಸ್ಕೂಲಿಗೆ ಹೋಗಿ ಮಕ್ಕಳಿಗೆ ವಾದ ಮಾಡುವುದನ್ನು ಕಲಿಸುತ್ತೇನೆ. ನಾನು ಕಲಿಸುವ ಮೊದಲ ಪಾಠ ಒಂದೇ: ಎದುರಿನವರು ಏನೇ ಹೇಳಲಿ, "ಅಸಲು ತೋರಿಸಿ" ಅನ್ನು. ದೇವರ ವಿಷಯದಲ್ಲೂ ನಾನು ಇದನ್ನೇ ಅಂದು ಮನೆಯಲ್ಲಿ ಎರಡು ದಿನ ಮಾತು ಬಿಡಿಸಿಕೊಂಡಿದ್ದೇನೆ.

ಕ್ಯಾಪ್ಟನ್ ಸಾಹೇಬರು ಸಿಪಾಯಿಯಾಗಿ ಫೌಜಿಗೆ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಕ್ಯಾಪ್ಟನ್ ಆಗಿ ಇಳಿದವರು. ಸೇತುವೆ ಕಟ್ಟುವ ತುಕಡಿ. ಆರಡಿಯ ಮೇಲೆ ಇನ್ನೂ ನಾಲ್ಕು ಬೆರಳು ಎತ್ತರ. ನಮ್ಮ ಕಡೆಯ ಹಳೆ ಮನೆಗಳ ಬಾಗಿಲು ಅವರಿಗಾಗಿ ಮಾಡಿದ್ದಲ್ಲ. ಯಾರ ಮನೆಗೆ ಹೋದರೂ ಮೊದಲು ಹೊಸ್ತಿಲಿಗೆ ನಮಸ್ಕಾರ ಮಾಡಿದಂತೆ ಬಗ್ಗಿ ಒಳಗೆ ಬರುತ್ತಿದ್ದರು. ಎಷ್ಟೋ ಮುದುಕಿಯರು ಇದನ್ನು ಭಕ್ತಿ ಎಂದೇ ತಿಳಿದಿದ್ದರು.

ಎಮ್ಮೆಗೆ ಅವರು ಹಿಂದಿಯಲ್ಲಿ ಹುಕುಂ ಕೊಡುತ್ತಿದ್ದರು. "ಪೀಛೇ ಮುಡ್!" ಎಂದರೆ ಎಮ್ಮೆ ನಿಧಾನಕ್ಕೆ, ಒಲ್ಲದ ಮನಸ್ಸಿನಿಂದ, ಹಿಂದಕ್ಕೆ ತಿರುಗುತ್ತಿತ್ತು. ನಾನು ಇದನ್ನು ಪರೀಕ್ಷೆ ಮಾಡಿದ್ದೇನೆ. ನಾನು ಅಂದರೆ ತಿರುಗಲಿಲ್ಲ. "ನಿನ್ನ ದನಿಯಾಗ ಸಂಶಯ ಐತಿ, ಅದಕ್ಕ ಗೊತ್ತಾಗ್ತದ" ಎಂದರು.

ಯುದ್ಧದ ಮೆಡಲ್ ಎಲ್ಲಿ ಎಂದು ಕೇಳಿದರೆ ಅದೂ ಎಮ್ಮೆಯ ಕಥೆಯೇ. ಎಪ್ಪತ್ತೊಂದರ ಯುದ್ಧ ಮುಗಿದು ಅವರು ರಜೆಗೆ ಬಂದಾಗ ಅವರ ತಾಯಿ ಮೆಡಲನ್ನು ದೃಷ್ಟಿಗೆ ಒಳ್ಳೆಯದೆಂದು ಎಮ್ಮೆಯ ಕೊರಳಿಗೆ ಕಟ್ಟಿದರಂತೆ. ಮುಂದಿನ ಸಂತೆಯಲ್ಲಿ ಎಮ್ಮೆ ಮೆಡಲಿನ ಸಮೇತ ಮಾರಾಟವಾಯಿತು. "ಚಲೋ ಎಮ್ಮಿ ಅದು, ಮೆಡಲಿಗೆ ಲಾಯಕ್ ಇತ್ತು" ಎಂದು ಸಾಹೇಬರು ಆಕ್ಷೇಪವಿಲ್ಲದೆ ಹೇಳುತ್ತಿದ್ದರು.

ಅವರ ಒಂದು ಖಾಯಿಲೆ ಊರಿಗೆಲ್ಲ ಗೊತ್ತಿತ್ತು. ನಾಲ್ಕು ಜನ ಸಾಲಾಗಿ ನಿಂತದ್ದನ್ನು ಕಂಡರೆ ತಡೆಯಲಾಗುತ್ತಿರಲಿಲ್ಲ. "ಲಂಬಾ ದಾಹಿನೇ, ಛೋಟಾ ಬಾಯೇಂ!" ಉದ್ದದವರು ಬಲಕ್ಕೆ, ಗಿಡ್ಡರು ಎಡಕ್ಕೆ, ಫೌಜಿನಲ್ಲಿ ಸಾಲು ಕಟ್ಟಿಸುವ ಕ್ರಮವಂತೆ. ಒಂದು ದಿನ ಗಿರಣಿ ಶೇಖಪ್ಪನ ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸಿಸಲು ಬಂದವರನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿಬಿಟ್ಟರು.

"ಸಾಹೇಬ್ರ, ನಾ ಮುಂಜಾನಿಂದ ನಿಂತೇನ್ರಿ!" ಎಂದಳು ನಮ್ಮವ್ವ. ಆಕೆ ಸಾಲಿನ ಬಾಲಕ್ಕೆ ಹೋಗಿದ್ದಳು.

"ಸಾಲು ಚಂದ ಕಾಣಬೇಕಲ್ಲವಾ."

"ಚಂದ ತಗೊಂಡ ರೊಟ್ಟಿ ಬಡೀಲೇನ್ರಿ?"

ಶೇಖಪ್ಪ ಹಿಟ್ಟಿನ ಮೋಡದಿಂದ ತಲೆ ಹೊರಹಾಕಿ, "ಸಾಹೇಬ್ರ, ಬೀಸೂದು ನಾ ಜೋಳ. ಜೋಳ ಎಲ್ಲಾ ಒಂದ ಎತ್ತರ ಅದಾವ" ಎಂದ ಮೇಲೆ ಸಾಲು ಮೊದಲಿನಂತಾಯಿತು. ಸಾಹೇಬರು ಮಾತ್ರ ತಮ್ಮ ಚೀಲದೊಂದಿಗೆ ತುದಿಯಲ್ಲೇ ನಿಂತರು. ಅವರು ಎಲ್ಲಿ ಹೋದರೂ ತುದಿ. ಪಂಕ್ತಿಯಲ್ಲಿ ಕೊನೆಯ ಎಲೆ, ಬಸ್ಸಿನಲ್ಲಿ ಕೊನೆಯ ಸೀಟು, ಸತ್ಯನಾರಾಯಣ ಪೂಜೆಯಲ್ಲಿ ಬಾಗಿಲ ಪಕ್ಕ. ಯಾರಾದರೂ ನಡುವೆ ಕೂರಿಸಿದರೆ ಚಡಪಡಿಸುತ್ತಿದ್ದರು.

ಇನ್ನು ಆ ಹನ್ನೊಂದು ಫೋಟೊ. ಪಡಸಾಲೆಯ ಗೋಡೆಯ ಮೇಲೆ ಒಂದೇ ಸಾಲು. ಎಲ್ಲಕ್ಕೂ ಹಸಿರು ಬಣ್ಣದ ಮರದ ಕಟ್ಟು, ಅದರ ಮೇಲೆ ಬಂಗಾರದ ಚುಕ್ಕಿ. ಹೊಳೆಗೆ ಅಡ್ಡಲಾಗಿ ಅರ್ಧ ಕಟ್ಟಿದ ಸೇತುವೆ. ಕೆಸರಲ್ಲಿ ಹೂತ ಲಾರಿ. ಅಡುಗೆಯ ಒಲೆ ಸುತ್ತ ನಗುವ ಜವಾನರು. ಎಲ್ಲದಕ್ಕಿಂತ ದೊಡ್ಡದರಲ್ಲಿ ಒಂದು ಎಣ್ಣೆಯ ಪೀಪಾಯಿ ನಟ್ಟನಡುವೆ ರಾಜನ ಹಾಗೆ ಕೂತಿದೆ, ಅದರ ಹಿಂದೆ ತುಕಡಿ ಸಾಲಾಗಿ ನಿಂತಿದೆ. ಆ ಸಾಲಿನ ಒಂದು ತುದಿಗೆ ರುಮಾಲಿನ, ಗಡ್ಡದ ಒಬ್ಬ ಸರ್ದಾರ. ಆತನ ಹಣೆಯ ಮೇಲೆ, ಗಾಜಿಗೆ, ಒಣಗಿದ ಕುಂಕುಮದ ಬೊಟ್ಟು.

ಬಂದವರು ಕೇಳುತ್ತಿದ್ದರು: "ಇದರಾಗ ನೀವೆಲ್ಲಿ ಅದೀರಿ ಸಾಹೇಬ್ರ?"

"ಆ ಕಡಿ ಚೂರು ಇದ್ದೆ" ಎಂದು ಅವರು ಕಟ್ಟಿನ ಆಚೆ, ಬರಿ ಗೋಡೆಯತ್ತ ಬೆರಳು ತೋರುತ್ತಿದ್ದರು.

ಹನ್ನೊಂದಕ್ಕೂ ಅದೇ ಉತ್ತರ. ಊರು ಇದನ್ನು ಚಹಾದ ಜೊತೆ ನುಂಗಿ ಸುಮ್ಮನಿತ್ತು. ನಾನು ನುಂಗುವವಳಲ್ಲ.

ಹೈಸ್ಕೂಲಿನಲ್ಲಿ ದೇಶಕ್ಕಾಗಿ ದುಡಿದ ಊರವರ ಫೋಟೊಗಳಿಗೆ ಒಂದು ಗೋಡೆ ಮಾಡಬೇಕೆಂದು ಹೆಡ್‌ಮಾಸ್ತರರು ಸಭೆ ಕರೆದರು. ಸಾಹೇಬರ ಹನ್ನೊಂದು ಫೋಟೊ ಮೊದಲು ಎಂದು ಎಲ್ಲರೂ ತಲೆಯಾಡಿಸಿದರು. ನಾನು ಎದ್ದೆ. ಸಾಹೇಬರು ಫೌಜಿನಲ್ಲಿದ್ದರು, ಒಪ್ಪಿದೆ, ಪಿಂಚಣಿ ಬರುತ್ತದೆ. ಯುದ್ಧದಲ್ಲಿದ್ದರು, ಅದೂ ಇರಲಿ. ಆದರೆ ಈ ಫೋಟೊಗಳು ಅವರವು ಎನ್ನುವುದಕ್ಕೆ ಏನು ಆಧಾರ? ಹನ್ನೊಂದರಲ್ಲಿ ಒಂದರಲ್ಲೂ ಅವರಿಲ್ಲ. ಮಕ್ಕಳು ನಾಳೆ ಕೇಳಿದರೆ ಎಣ್ಣೆಯ ಪೀಪಾಯಿಯನ್ನು ತೋರಿಸುವುದೇ?

ಎಲ್ಲರೂ ನಕ್ಕರು. ಜನ ನಕ್ಕರೆ ನನಗೆ ಇನ್ನೂ ಹುರುಪು. "ಒಬ್ಬ ಮನುಷ್ಯ ಒಂದು ಸಲ ಕ್ಯಾಮೆರಾಕ್ಕೆ ತಪ್ಪಬಹುದು, ಎರಡು ಸಲ ತಪ್ಪಬಹುದು. ಹನ್ನೊಂದು ಸಲ ತಪ್ಪಿದರೆ, ಆತ ಅಲ್ಲಿರಲಿಲ್ಲ ಎನ್ನುವುದೇ ಸರಳ ವಿವರಣೆ!"

ಸಾಹೇಬರು ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದರು. ಹೆಡ್‌ಮಾಸ್ತರರು ಗಂಟಲು ಸರಿಮಾಡಿಕೊಂಡು, ಹದಿನೈದು ದಿನದಲ್ಲಿ ಸಾಹೇಬರು ಕಾಣುವ ಒಂದಾದರೂ ಫೋಟೊ ಸಿಕ್ಕರೆ ಎಲ್ಲವನ್ನೂ ಹಾಕೋಣ, ಇಲ್ಲದಿದ್ದರೆ ಬಿಡೋಣ ಎಂದರು.

ಮರುದಿನದಿಂದ ಊರಿಗೆ ಹೊಸ ಆಟ ಸಿಕ್ಕಿತು. ಬಸ್‌ಸ್ಟ್ಯಾಂಡಿನಲ್ಲಿ, "ಸಾಹೇಬ್ರ, ಆ ಕಡಿ ಚೂರು ಸರೀರಿ, ಕಾಣವಲ್ರಿ!" ಅವರು ಗಿರಣಿಗೆ ಬರುವುದನ್ನು ಬಿಟ್ಟರು. ಅಮ್ಮಾರೇ ಜೋಳದ ಚೀಲ ಹೊತ್ತು ಬಂದರು. ನಮ್ಮವ್ವ ನನಗೆ ಎರಡು ದಿನ ಊಟಕ್ಕೆ ಬಡಿಸುವಾಗ ತಟ್ಟೆಯನ್ನು ಕುಕ್ಕಿದಳು. "ಆ ಮನಷ್ಯಾ ನಿನಗೇನ ಮಾಡಿದ್ದ? ಗೆದ್ದಿ, ಇನ್ನೊಂದ ಕಪ್ಪು ತಗೊಂಡ ಬಾ. ಮೆಂತ್ಯ ಹಾಕಾಕ ಡಬ್ಬಿ ಬೇಕಾಗಿತ್ತು."

ಮೂರನೆಯ ದಿನ ನಾನು ಅವರ ಮನೆಗೆ ಹೋದೆ. ಕ್ಷಮೆ ಕೇಳಲು ಹೋದೆ ಎಂದರೆ ಸುಳ್ಳಾಗುತ್ತದೆ. ಇನ್ನೂ ಗಟ್ಟಿ ಆಧಾರ ಹುಡುಕಲು ಹೋದೆ. ಅವರೇ ದೊಡ್ಡ ಫೋಟೊ ಇಳಿಸಿ ಕೊಟ್ಟರು.

"ನೋಡು ವಕೀಲವ್ವ. ಚಲೋತ್ನಾಗಿ ನೋಡು."

ಹಿಂದೆ ಸ್ಟುಡಿಯೊದ ಠಸ್ಸೆ ಇದೆಯೇ ಎಂದು ತಿರುವಿದೆ. ಕೈಯಿಂದ ಜಾರಿತು. ಗಾಜು ಪಡಸಾಲೆಯ ತುಂಬ ಹರಡಿತು.

ಒಳಗಿನಿಂದ ಅಮ್ಮಾರು ಬಂದು ನೋಡಿದರು. "ಬಾಯಿಲೆ ಒಡದದ್ದು ಸಾಲಲಿಲ್ಲೇನವಾ, ಕೈಲೆನೂ ಸುರು ಮಾಡಿದಿ?"

ಹೀಗೆ ಹೊಸ ಗಾಜು ಹಾಕಿಸಲು ಮರುದಿನ ನಾನೂ ಸಾಹೇಬರೂ ರೋಣದ ಮೇಲಿಂದ ನರಗುಂದಕ್ಕೆ ಬಸ್ಸಿನಲ್ಲಿ ಹೊರಟೆವು. ಆ ಹಸಿರು ಕಟ್ಟು ಹಾಕಿದ ಅಂಗಡಿ ನರಗುಂದದಲ್ಲಿ ಇನ್ನೂ ಇತ್ತು. ಕಟ್ಟು ಹಾಕಿದವರು ಇರಲಿಲ್ಲ; ಅವರ ಮಗ ಕೂತಿದ್ದರು, ತಮ್ಮ ಸುತ್ತ ನೂರಾರು ದೇವರನ್ನು ಗೋಡೆಗೆ ಒರಗಿಸಿಕೊಂಡು.

ಅವರು ಕಟ್ಟನ್ನು ಮಗುಚಿ, ಮೊಳೆ ಕಿತ್ತು, ಹಿಂದಿನ ರಟ್ಟು ತೆಗೆದರು. ರಟ್ಟಿಗೂ ಫೋಟೊಕ್ಕೂ ನಡುವೆ ತೆಳ್ಳನೆಯ ಒಂದು ಫೋಟೊದ ತುಂಡು ಇತ್ತು. ಬೆರಳಗಲ ಎರಡೋ ಮೂರೋ. ಅದರಲ್ಲಿ ಬ್ಯಾಂಡಿನವನೊಬ್ಬ ಕೆನ್ನೆ ಉಬ್ಬಿಸಿ ಅರ್ಧ ಕ್ಲಾರಿನೆಟ್ ಊದುತ್ತಿದ್ದ.

"ಇಂವ ಯಾರ್ರಿ?" ಎಂದೆ.

"ಯಾರದೋ ಲಗ್ನದ್ದು" ಎಂದರು ಅಂಗಡಿಯವರು, ಏನೂ ವಿಶೇಷವಿಲ್ಲವೆಂಬಂತೆ. "ನಮ್ಮಪ್ಪ ದೇವರ ಫೋಟೊಕ್ಕಂತ ಒಂದ ಅಳತಿ ಕಟ್ಟು ಡಜನ್‌ಗಟ್ಟಲೆ ಮಾಡಿ ಇಟ್ಟಿರ್ತಿದ್ರು. ಗಿರಾಕಿ ಫೋಟೊ ತಂದ್ರ, ಅದರ ನಡುವ ಏನೈತಿ ನೋಡೂದು, ಎರಡೂ ಕಡಿ ಸಮ ಕತ್ತರಿ ಹಾಕೂದು, ಕಟ್ಟಿಗೆ ಕೂಡಸೂದು. ಕತ್ತರಿಸಿದ್ದು ಒಗೀತಿದ್ದಿಲ್ಲ. ಮುಂದಿನ ಕಟ್ಟು ಸಡಿಲ ಆದ್ರ ಹಿಂದ ತುರುಕೂದು."

"ನಡುವೆ ಇರೋದು ಎಣ್ಣೆ ಪೀಪಾಯಿ ಆದರೆ?"

"ದೇವರ ಇದ್ರೇನು, ಪೀಪಾಯಿ ಇದ್ರೇನ್ರಿ. ನಡುವ ಬಂದ್ರಾತು."

ನಾನು ಬಗ್ಗಿ ಫೋಟೊ ನೋಡಿದೆ. ಇಷ್ಟು ವರ್ಷ ಕಟ್ಟಿನ ಹಸಿರು ಪಟ್ಟಿಯ ಕೆಳಗೆ ಅಡಗಿದ್ದ ಅಂಚು ಈಗ ಬಿಳಿಚಿಕೊಂಡು ಹೊರಗೆ ಬಂದಿತ್ತು. ಅಲ್ಲಿ, ಸರ್ದಾರನ ಹೆಗಲ ಮೇಲೆ, ನಾಲ್ಕು ಬೆರಳು. ಬೆರಳುಗಳ ಹಿಂದೆ ಕೈಯಿಲ್ಲ. ಕತ್ತರಿಯ ನೇರ ಗೆರೆ.

"ಇವು ಯಾರ ಬೆರಳು?"

"ನನ್ನವು" ಎಂದರು ಸಾಹೇಬರು.

ಲಂಬಾ ದಾಹಿನೇ. ಸಾಲಿನಲ್ಲಿ ಎಲ್ಲರಿಗಿಂತ ಎತ್ತರದ ಮನುಷ್ಯ ಯಾವಾಗಲೂ ತುದಿಗೇ ಇರುತ್ತಾನೆ. ಅವನು ಹನ್ನೊಂದು ಸಲ ಕ್ಯಾಮೆರಾಕ್ಕೆ ತಪ್ಪಿರಲಿಲ್ಲ. ಹನ್ನೊಂದು ಸಲ ಕತ್ತರಿಗೆ ಸಿಕ್ಕಿದ್ದ. ನನ್ನ ಸರಳ ವಿವರಣೆ ಆ ಅಂಗಡಿಯ ನೆಲದ ಮೇಲೆ ಕಿತ್ತ ಮೊಳೆಗಳ ಪಕ್ಕದಲ್ಲಿ ಬಿದ್ದಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ಕೇಳಿದೆ: "ನಿಮಗೆ ಮೊದಲೇ ಗೊತ್ತಿತ್ತಲ್ಲ. ಐವತ್ತು ವರ್ಷ ಯಾಕೆ ಹೇಳಲಿಲ್ಲ?"

ಅವರು ಕೊನೆಯ ಸೀಟಿನಲ್ಲಿ, ಮೊಣಕಾಲನ್ನು ಎದೆಗೆ ತಾಗಿಸಿಕೊಂಡು, ಮಡಿಲಲ್ಲಿ ಫೋಟೊ ಹಿಡಿದು ಕೂತಿದ್ದರು.

"ನಾ ಅಲ್ಲಿಂದ ಕಳಿಸಿದ ಫೋಟೊ ಎಲ್ಲಾ ನಮ್ಮವ್ವ ತಾನ ನರಗುಂದಕ್ಕ ಒಯ್ದು ಕಟ್ಟು ಹಾಕಿಸಿದ್ಲು. ನಾ ರಜಾಕ್ಕ ಬಂದ್ರ ಗೋಡಿ ತುಂಬ ತೂಗ ಹಾಕ್ಯಾಳ. ಆಕಿಗೆ ಕಣ್ಣು ಮಬ್ಬು. ಕೈ ಹಿಡದ ಜಗ್ಗಿಕೊಂಡ ಹೋಗಿ ತೋರ್ಸಿದ್ಲು: 'ನೋಡ, ನನ್ನ ಮಗ ರುಮಾಲ ಸುತ್ಕೊಂಡ ಹ್ಯಾಂಗ ನಿಂತಾನ!' ನಮ್ಮಪ್ಪನೂ ರುಮಾಲ ಸುತ್ತಿದವನ ನೋಡು. ಸರ್ದಾರನ್ನ ನಾನ ಅಂತ ತಿಳದಿದ್ಲು."

"ಮತ್ತೆ ನೀವು?"

"ಏನ ಹೇಳ್ಲಿ? ಹೌದವ್ವ, ನಾನ ಅದು ಅಂದೆ. 'ಗಡ್ಡ ಯಾಕ ಬಿಟ್ಟೀಯೋ?' ಅಂತ ಕೇಳಿದ್ಲು. 'ಅಲ್ಲಿ ಬೋಳಸವ್ರು ಸಿಗ್ತಿದ್ದಿಲ್ಲವ್ವ' ಅಂದೆ. ಇರೂತನಕಾ ದಿನಾ ದೇವರಿಗೆ ದೀಪ ಹಚ್ಚಿ, ಅಲ್ಲಿಂದ ಬಂದು ಸರ್ದಾರಗ ಕುಂಕುಮ ಹಚ್ಚತಿದ್ಲು. ನಾ ಎದರಿಗೇ ಕುಂತಿದ್ರೂ ಅವಗ ಹಚ್ಚತಿದ್ಲು." ಮಡಿಲಿನ ಫೋಟೊವನ್ನು ಸರಿಮಾಡಿಕೊಂಡು ಹೇಳಿದರು: "ಸಾಲಿ ಗೋಡಿಗೆ ನಾ ಕಾಣಬೇಕಂತ ಇಲ್ಲ ತಂಗಿ. ಆದ್ರ ಅವು ನನ್ನ ಫೋಟೊ ಅಲ್ಲ ಅಂತಾದ್ರ, ನಮ್ಮವ್ವ ಹುಚ್ಚಿ ಆಗ್ತಾಳ. ಅಷ್ಟ."

ರೋಣ ಬರುವಷ್ಟರಲ್ಲಿ, ಒಂದೂ ವಾದ ಮಾಡದೆ, ಆ ಕತ್ತರಿಸಿದ ತುಂಡನ್ನು ಹುಡುಕೋಣ ಎಂದೆ. ನನ್ನ ಪಾಲಿಗೆ ಇದು ದಾಖಲೆ.

ಹುಡುಕುವುದು ಕಷ್ಟವಿರಲಿಲ್ಲ. ಅಂಗಡಿಯ ಹಳೆಯ ಯಜಮಾನರಿಗೆ ಆ ಚುಕ್ಕಿಯ ಹಸಿರು ಪಟ್ಟಿ ಒಂದೇ ಸಲ ಸಿಕ್ಕಿದ್ದಂತೆ. ಅದರಲ್ಲಿ ಮಾಡಿದ ದೇವರ ಫೋಟೊಗಳನ್ನು ರೋಣ, ಗಜೇಂದ್ರಗಡದ ಸಂತೆಗಳಲ್ಲಿ ಮಾರಿದ್ದರಂತೆ. ನಮ್ಮ ಕಡೆ ಯಾರ ಮನೆಯ ದೇವರ ಜಗಲಿಯ ಮೇಲೆ ಯಾವ ದೇವರು ಯಾವ ಬಣ್ಣದ ಕಟ್ಟಿನಲ್ಲಿದ್ದಾನೆ ಎಂದು ಗಿರಣಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ಒಂದೇ ಬೆಳಿಗ್ಗೆ ಮೂರು ವಿಳಾಸ ಬಂದವು: ಅಸೂಟಿ, ಪುರ್ತಗೇರಿ, ಸೂಡಿ. ನನ್ನ ಸ್ಕೂಟಿಯ ಹಿಂದೆ ಸಾಹೇಬರು ಕೂತರೆ ಅವರ ಮೊಣಕಾಲುಗಳು ಎರಡೂ ಬದಿಗೆ ರೆಕ್ಕೆಯಂತೆ ಚಾಚಿಕೊಳ್ಳುತ್ತಿದ್ದವು. ಎದುರು ಬಂದ ಟ್ರ್ಯಾಕ್ಟರುಗಳು ದಾರಿ ಬಿಟ್ಟವು.

ಅಸೂಟಿಯಲ್ಲಿ ಗಣಪತಿಯ ಹಿಂದೆ ಒಂದು ತುಂಡು ಸಿಕ್ಕಿತು. ಅದೇ ಹೊಳೆ, ಅದೇ ಸಾಲು. ಆದರೆ ಅದರಲ್ಲಿ ನಿಂತವನು ನನ್ನ ಎದೆಮಟ್ಟದ ಒಬ್ಬ ಗಿಡ್ಡ.

"ಅರೇ!" ಸಾಹೇಬರು ಕುಣಿಯುವುದೊಂದು ಬಾಕಿ. "ನಮ್ಮ ಅಡಿಗಿಯಂವ! ಇಂವನ ಕೈಯಾಗಿನ ದಾಲ್ ಕುಡದು ಯುದ್ಧ ಗೆದ್ದೇವಿ!"

"ಸಾಹೇಬ್ರೇ, ಇದು ನೀವಲ್ಲ."

"ನಾ ಅಲ್ಲ. ಆದ್ರ ಈ ತುದಿ ಸಿಕ್ಕಿತಂದ್ರ ಆ ತುದಿನೂ ಎಲ್ಲೋ ಐತಿ."

ತರ್ಕ ಸರಿಯಾಗಿತ್ತು. ಮನೆಯವರು ಖುಷಿಯಿಂದ ಅಡುಗೆಯವನನ್ನು ನಮಗೇ ಕೊಟ್ಟುಬಿಟ್ಟರು.

ಪುರ್ತಗೇರಿಯಲ್ಲಿ ಲಕ್ಷ್ಮಿಯ ಹಿಂದೆ ಸಿಕ್ಕದ್ದು ಒಬ್ಬ ಮದುವಣಗಿತ್ತಿ. ಅರ್ಧ. ಮನೆಯ ಯಜಮಾನಿ, ಅರವತ್ತು ದಾಟಿದವರು, ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನಿಧಾನಕ್ಕೆ ಗಂಡನ ಕಡೆ ತಿರುಗಿದರು.

"ಯಾರ್ರೀ ಈಕಿ?"

"ನನಗೇನ ಗೊತ್ತು?"

"ನಿಮಗ ಗೊತ್ತಿಲ್ಲದ ನಮ್ಮ ಲಕ್ಷ್ಮೀ ಹಿಂದ ಹ್ಯಾಂಗ ಬಂದ್ಲು? ಇಷ್ಟ ವರ್ಷ ನಾ ಈಕಿಗೂ ಆರತಿ ಎತ್ತೇನಿ?"

ನಾನು ಮುಂದೆ ಬಂದು, ಇದು ನರಗುಂದದ ಅಂಗಡಿಯವರ ರೂಢಿ, ತಮ್ಮ ಯಜಮಾನರಿಗೂ ಈ ಹೆಂಗಸಿಗೂ ಸಂಬಂಧವಿದೆ ಎನ್ನಲು ಆಧಾರವಿಲ್ಲ ಎಂದು ಮೂರು ಅಂಶಗಳಲ್ಲಿ ವಿವರಿಸಿದೆ.

"ಓಹೋ" ಎಂದರು ಆಕೆ, "ವಕೀಲರನ್ನ ಮೊದಲ ಕರಿಸಿ ಇಟ್ಕೊಂಡಾರ!"

ನಾವು ಚಹಾ ಕುಡಿಯದೆ ಹೊರಟೆವು. ದಾರಿಯುದ್ದಕ್ಕೂ ಸ್ಕೂಟಿ ಅಲುಗುವಷ್ಟು ಸಾಹೇಬರು ನಕ್ಕರು.

ಸೂಡಿಯ ಗೌರವ್ವಜ್ಜಿ ಒಬ್ಬಳೇ ಅಲ್ಲ, ಮನೆ ತುಂಬ ಮೊಮ್ಮಕ್ಕಳು. ಆದರೆ ಜಗಲಿ ಆಕೆಯದು, ಅಲ್ಲಿ ಬೇರೆ ಯಾರ ಮಾತೂ ನಡೆಯದು. ನಾವು ಬಂದ ಕಾರಣ ಹೇಳಿದೆವು. ಆಕೆ ವೀರಭದ್ರನ ಫೋಟೊವನ್ನು ಎದೆಗೆ ಅವಚಿಕೊಂಡಳು.

"ಮುಂದ ದೇವರದಾನ. ಅದು ಬಿಟ್ಟು ಹಿಂದ ಏನ ಹುಡಕತೀರಿ?"

ಸಾಹೇಬರು ಬಗ್ಗಿ ಒಳಗೆ ಬಂದದ್ದೇ ಆಕೆಗೆ ಹಿಡಿಸಿರಬೇಕು. ಕಾಲು ತೊಳೆಸಿ, ರೊಟ್ಟಿ ಪುಂಡಿಪಲ್ಯೆ ತಿನ್ನಿಸಿ, ಆಮೇಲೆ ಹಿಂದಿನ ರಟ್ಟು ತೆಗೆಯಲು ಬಿಟ್ಟಳು. ಸಾಹೇಬರು ಫೋಟೊವನ್ನು ನನ್ನ ಕಡೆ ಸರಿಸಿದರು. ಮೊಳೆಗಳನ್ನು ನಾನೇ ಕಿತ್ತೆ.

ಅಲ್ಲಿ ಅವರಿದ್ದರು. ಬಿದಿರಿನ ಗಳದಂಥ ಹುಡುಗ, ತೋಳು ಮಡಚಿದ ಅಂಗಿ, ಈಗಷ್ಟೇ ಮೂಡಿದ ಮೀಸೆ, ಬಾಯಿ ತುಂಬ ನಗು. ಒಂದು ಕೈ ಪಕ್ಕಕ್ಕೆ ಚಾಚಿದೆ; ಮುಂಗೈ ತನಕ ಇದೆ, ಬೆರಳಿಲ್ಲ. ಅಜ್ಜಿ ಫೋಟೊವನ್ನೂ ಸಾಹೇಬರನ್ನೂ ನಾಲ್ಕು ಸಲ ನೋಡಿದಳು.

"ಮೂಗ ಅದ. ಕಿವಿನೂ ಅದ. ಹೊಟ್ಟಿ ಅಷ್ಟ ಹೊಸಾದು."

"ಅಜ್ಜಿ, ಇದನ್ನು ನಮಗೆ ಕೊಡ್ರಿ" ಎಂದೆ ನಾನು.

ಅಜ್ಜಿ ಯೋಚಿಸಿದಳು. "ಒಂದ ಹೇಳು. ಒಳಗ ಅಂವ ದೇವರ ಕಡೆ ಮಾರಿ ಮಾಡಿದ್ನೋ, ಬೆನ್ನ ಮಾಡಿದ್ನೋ?"

ರಟ್ಟನ್ನು ನೋಡಿ ಹೇಳಿದೆ: "ಬೆನ್ನಿಗೆ ಬೆನ್ನು."

"ಹಂಗಾರ ದೇವರ ಬೆನ್ನ ಕಾದಾನ. ಅದಕ್ಕ ನೋಡು, ನಾ ಲಗ್ನಾಗಿ ಬಂದಾಗಿಂದ ಈ ಮನಿಗೆ ಒಮ್ಮೆನೂ ಕಳ್ಳರು ಬಂದಿಲ್ಲ."

"ಅಜ್ಜಿ, ಕಳ್ಳರು ಬರದಿರೋದಕ್ಕೂ ಇದಕ್ಕೂ..." ಸಾಹೇಬರು ನನ್ನ ಕಾಲು ತುಳಿದರು. ಅವರ ಪಾದ ಸಣ್ಣದಲ್ಲ.

"ಬೇಕಂದ್ರ ಒಯ್ರಿ" ಎಂದಳು ಅಜ್ಜಿ, ಸಣ್ಣ ದನಿಯಲ್ಲಿ. "ನಿಮ್ಮ ಮಾರಿ, ನಿಮ್ಮ ಹಕ್ಕು."

ಸಾಹೇಬರು ಆ ತುಂಡನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಅದನ್ನು ವೀರಭದ್ರನ ಹಿಂದೆ, ಇದ್ದ ಹಾಗೆಯೇ, ಬೆನ್ನಿಗೆ ಬೆನ್ನು ಇಟ್ಟು ರಟ್ಟು ಮುಚ್ಚತೊಡಗಿದರು.

"ಸಾಹೇಬ್ರೇ! ಅದು ಅಸಲು! ಸಭೆಗೆ ಅದೇ ಬೇಕು!"

"ಡ್ಯೂಟಿ ಮ್ಯಾಲಿದ್ದವನ್ನ ಹ್ಯಾಂಗ ಕರಕೊಂಡ ಹೋಗ್ಲಿ ತಂಗಿ? ಬದಲಿಗೆ ಯಾರನ್ನ ನಿಲ್ಲಿಸ್ಲಿ?"

ಮುಚ್ಚುವ ಮೊದಲು ನಾನು ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಂಡೆ. ಅಷ್ಟೇ ನನಗೆ ಸಿಕ್ಕದ್ದು.

ಸಭೆಯಲ್ಲಿ ನಾನು ನನ್ನದೇ ವಾದದ ವಿರುದ್ಧ ಎದ್ದು ನಿಂತೆ. ಕತ್ತರಿಯ ರೂಢಿ, ನಾಲ್ಕು ಬೆರಳು, ಅಡುಗೆಯವನು, ಕಡೆಗೆ ಫೋನು. ಚೆನ್ನಾಗಿಯೇ ಮಾತಾಡಿದೆ. ಕೂರುವುದರಲ್ಲಿದ್ದೆ, ಆಗ ಹತ್ತನೆಯ ತರಗತಿಯ ರೇಣುಕಾ ಕೈ ಎತ್ತಿದಳು. ನನ್ನ ಶನಿವಾರದ ಮಕ್ಕಳಲ್ಲಿ ಎಲ್ಲರಿಗಿಂತ ಚುರುಕು. ನಾನೇ ಮಸೆದ ಚೂರಿ.

"ಮೇಡಂ, ಅಡಿಗಿಯವರು ಇದ್ರು ಅಂತ ಸಾಬೀತಾತು. ಬೆರಳು ಯಾರವಾದ್ರೂ ಇರಬಹುದು. ಇನ್ನ ಫೋನಿನ್ಯಾಗಿಂದು... ಈಗ ಫೋನಿನ್ಯಾಗ ಯಾರನ್ನ ಎಲ್ಲಿ ಬೇಕಾದ್ರೂ ನಿಲ್ಲಿಸಬಹುದ್ರಿ. ನಿನ್ನೆ ನಮ್ಮಣ್ಣ ನಮ್ಮ ಎಮ್ಮಿನ್ನ ಚಂದ್ರನ ಮ್ಯಾಲ ನಿಲ್ಲಿಸ್ಯಾನ." ಒಂದು ಉಸಿರು ತೆಗೆದುಕೊಂಡಳು. "ಅಸಲು ತೋರಿಸ್ರಿ ಮೇಡಂ."

ಸಭೆಯೆಲ್ಲ ನನ್ನ ಕಡೆ ನೋಡಿತು. ಸೂಡಿಯ ಅಜ್ಜಿಯ ಜಗಲಿಗೆ ಇಡೀ ಸಮಿತಿಯನ್ನು ಕಳಿಸಿ ಆಕೆಯ ದೇವರನ್ನು ಮತ್ತೆ ಬಿಚ್ಚಿಸಬಹುದಿತ್ತು. ಹಿಂದಿನ ಬೆಂಚಿನ ತುದಿಯಲ್ಲಿ ಸಾಹೇಬರು ಬೇಡ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದರು.

"ಅಸಲು ತೋರಿಸೋಕಾಗಲ್ಲ" ಎಂದೆ. "ನಾನು ನೋಡಿದ್ದೀನಿ. ನಂಬ್ರಿ."

ಇಂಥ ಮಾತುಗಳಿಗೆ ಎದುರಾಳಿಗಳನ್ನು ಎಷ್ಟು ಸಲ ಹರಿದು ಹಾಕಿದ್ದೇನೋ ಲೆಕ್ಕವಿಲ್ಲ.

"ಸಾಕ್ಷಿಯ ಮಾತು ಅಸಲಿಗೆ ಸಮ ಅಲ್ಲಂತ ನೀವ ಹೇಳಿಕೊಟ್ಟೀರಿ" ಎಂದಳು ರೇಣುಕಾ, ಪಾಪ, ಬಹಳ ಗೌರವದಿಂದಲೇ.

ಮೊದಲು ಚಪ್ಪಾಳೆ ಹೊಡೆದವರು ಸಾಹೇಬರು. "ಶಾಬಾಸ್! ಹುಡುಗಿ ಖರೇ ಹೇಳ್ತಾಳ!"

ಆಗ ಗಿರಣಿ ಶೇಖಪ್ಪ ಎದ್ದು ಹೆಗಲ ಟವೆಲಿನಿಂದ ಹಿಟ್ಟು ಝಾಡಿಸಿದ. "ನಾ ಒಂದ ಮಾತ ಹೇಳ್ಲ್ಯಾ? ಈ ವಕೀಲವ್ವ ದೇವರನ್ನ ನಂಬಂಗಿಲ್ಲ. ಪಂಚಾಂಗ ನಂಬಂಗಿಲ್ಲ. ನನ್ನ ತಕ್ಕಡಿ ನಂಬಂಗಿಲ್ಲ, ಮನಿಗೆ ಒಯ್ದು ಮತ್ತ ತೂಗತಾಳ. ಇಂಥಾಕಿ ನಂಬ್ರಿ ಅಂತ ಕೈ ಮುಗೀತಾಳಂದ್ರ, ಇನ್ನ ಯಾವ ಪುರಾವೆ ಬೇಕ್ರಿ?"

ಇದು ಶುದ್ಧ ತರ್ಕದೋಷ. ವಾದವನ್ನು ಬಿಟ್ಟು ವಾದಿಯನ್ನು ನೋಡುವುದು. ನಾನು ಆಕ್ಷೇಪಿಸಲು ಬಾಯಿ ತೆರೆದೆ. ನಮ್ಮವ್ವ ಹಿಂದಿನಿಂದ ಸೆರಗು ಹಿಡಿದು ಕೂರಿಸಿದಳು. ಕೈಗಳು ಮೇಲೆದ್ದವು, ರೇಣುಕಾಳದೊಂದನ್ನು ಬಿಟ್ಟು. ಹನ್ನೊಂದು ಫೋಟೊ ಗೋಡೆ ಏರಿದವು. ಸರ್ದಾರನ ಹೊಸ ಗಾಜಿನ ಮೇಲೆ ಸಾಹೇಬರು ತಾವೇ ಒಂದು ಕುಂಕುಮದ ಬೊಟ್ಟಿಟ್ಟರು.

ಮರುದಿನ ಬೆಳಿಗ್ಗೆ ಅವರು ಗಿರಣಿಯಲ್ಲಿದ್ದರು. ಸಾಲು ಎತ್ತರದ ಪ್ರಕಾರ ನಿಂತಿತ್ತು. ನಮ್ಮವ್ವ ಬಾಲದಲ್ಲಿ ನಿಂತು ಒಂದೂ ಮಾತಾಡಲಿಲ್ಲ.

ಅದಾಗಿ ಎರಡು ವರ್ಷ. ಅವರು ಹೋದ ಮೇಲೆ ಫೋನಿನ ಆ ಫೋಟೊವನ್ನು ತುಂಡಿನಷ್ಟೇ ಅಳತೆಗೆ ತೆಗೆಸಿಕೊಂಡು ನರಗುಂದಕ್ಕೆ ಹೋದೆ. ಹಸಿರು ಪಟ್ಟಿ ಬೇಕು, ಚುಕ್ಕಿ ಇರಬೇಕು ಎಂದೆ. ಅಂಗಡಿಯವರು ಬಣ್ಣ ಹಚ್ಚಿ ಕೊಡುವುದಾಗಿ ಒಪ್ಪಿ, ಫೋಟೊ ನೋಡಿ ತಲೆ ಕೆರೆದುಕೊಂಡರು.

"ಇಷ್ಟ ಸಣ್ಣ ಕಟ್ಟು ಯಾರೂ ಮಾಡಸಂಗಿಲ್ರಿ. ಈ ಚಾಚಿದ ಕೈ ಚೂರು ತಗದ್ರ..."

"ಕತ್ತರಿ ಕೆಳಗಿಡ್ರಿ" ಎಂದೆ. ಅಂಗಡಿಯ ದೇವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅಂದಿರಬೇಕು.

ಮನೆಯಲ್ಲಿ ಅದಕ್ಕೆ ಹಾರ ಹಾಕಿದರೆ ಮನುಷ್ಯ ಪೂರ್ತಿ ಮುಚ್ಚಿಹೋಗಿ ಬೂಟು ಮಾತ್ರ ಕಂಡವು. ಅಮ್ಮಾರು ಹಾರ ಬಿಚ್ಚಿ, ಒಂದೇ ಒಂದು ಸೇವಂತಿಗೆ ಸಿಕ್ಕಿಸಿದರು. "ಈಗ ಉಸರಾಡ್ತಾರ" ಎಂದರು.

ಸೂತಕದ ದಿನಗಳೆಲ್ಲ ಮುಗಿದ ಮೇಲೆ ಅಮ್ಮಾರೇ ಅದನ್ನು ಶಾಲೆಗೆ ಕೊಟ್ಟರು. ಹೆಡ್‌ಮಾಸ್ತರರು ದೊಡ್ಡ ಫೋಟೊದ ಬಲಕ್ಕೆ ಮೊಳೆ ಹೊಡೆಯಹೊರಟರು. ಸಾಲಿನ ಬಲ ಅಂದರೆ ನೋಡುವವರಿಗೆ ಎಡ ಎಂದು ನಾನು ಅರ್ಧ ಗಂಟೆ ವಾದ ಮಾಡಿದೆ. ಗೆದ್ದೆ. ಆ ತುದಿಗೆ ಸಾಹೇಬರು, ಈ ತುದಿಗೆ ಅಸೂಟಿಯ ಅಡುಗೆಯವನು, ನಡುವೆ ಪೀಪಾಯಿ. ಸಾಹೇಬರ ಕೈ ಹಸಿರು ಪಟ್ಟಿಯೊಳಗೆ ಮುಳುಗುತ್ತದೆ. ಪಕ್ಕದ ಕಟ್ಟಿನ ಅಂಚನ್ನು ಈ ಸಲ ಒಂದಿಷ್ಟು ಕೆತ್ತಿಸಿದ್ದರಿಂದ, ನಾಲ್ಕು ಬೆರಳು ಸರ್ದಾರನ ಹೆಗಲ ಮೇಲೆ ಹೊರಬರುತ್ತವೆ.

ಕೆಳಗೆ ಅಂಟಿಸುವ ಚೀಟಿಯನ್ನು ಬರೆಯಲು ನನಗೇ ಕೊಟ್ಟರು. ಹಿಂದೆ ರೇಣುಕಾ ನಿಂತಿದ್ದಳು, ಏನು ಬರೆಯುತ್ತೇನೆಂದು ಕತ್ತು ಚಾಚಿ ನೋಡುತ್ತ. ಆಕೆ ಆಕ್ಷೇಪಿಸಲಾಗದಂತೆ ಬರೆದೆ:

"ನಕಲು. ಅಸಲು ಸೂಡಿಯಲ್ಲಿ ಡ್ಯೂಟಿ ಮೇಲಿದೆ."